ಇನ್ನೂರು ಹೆಜ್ಜೆ ಹಿಂದೆ

ನಮ್ಮ ಬಳಿಯೂ ಟಾರ್ಚು ಇದೆ, ಹಚ್ಚುವಂತಿಲ್ಲ.
ಇನ್ನೂರು ಹೆಜ್ಜೆ ಮುಂದೆ
ಐದು ಬೆಳಕಿನ ಚುಕ್ಕೆ ಕುಪ್ಪಳಿಸುತ್ತ ಹೋಗುತ್ತಿವೆ
ಜವುಗಿನ ಮೇಲೆ ಹಾಸಿದ ಹಲಗೆಯ ದಾರಿಯಲ್ಲಿ.

ಎಸ್ಟೋನಿಯಾದ ಅಕ್ಟೋಬರು.
ಇಲ್ಲಿ ನೆಲವೆಂದರೆ ನೆಲವಲ್ಲ,
ನೀರಿನ ಮೇಲೆ ಸಾವಿರಾರು ವರ್ಷ
ತನ್ನನ್ನು ತಾನೇ ಹೆಣೆದುಕೊಂಡ ಪಾಚಿ.
ಹಲಗೆ ತಪ್ಪಿದರೆ ಮೊಣಕಾಲವರೆಗೆ ಇಳಿಯುತ್ತದೆ ಬೂಟು,
ಮೇಲೆ ಬರುವುದು ಬರೀ ಕಾಲು.

ಹೆಲ್ದುರ್ ವಾರವೆಲ್ಲ ಆಂಬುಲೆನ್ಸ್ ಓಡಿಸುತ್ತಾನೆ.
ಶನಿವಾರ ಮಾತ್ರ ಇಷ್ಟು ನಿಧಾನ.
ನಾನು ಹಲ್ಲಿನ ಡಾಕ್ಟರ ಬಳಿ ನರ್ಸು,
ಜನರ ಬಾಯಿ ತೆರೆಸುವುದೇ ಕಸುಬು.
ಮಗಳನ್ನು ಬಿಟ್ಟುಹೋಗಲೆಂದು ಬಂದವಳು. ಎರಡೇ ತಿಂಗಳು,
ಅವಳಿಗೆ ಬೇಜಾರಾಯಿತು, ಕುದುರೆ ಸವಾರಿಗೆ ಸೇರಿದಳು.
ನಾನು ಉಳಿದೆ. ಯಾಕೆಂದು ಕೇಳಿದರೆ,
ಟೆಂಟಿನ ಗೂಟಗಳ ಲೆಕ್ಕ ನನ್ನ ಹತ್ತಿರ ಇತ್ತು, ಅಷ್ಟೇ.

ದಾರಿ ಕವಲೊಡೆಯುವಲ್ಲಿ ಚುಕ್ಕೆಗಳು ನಿಂತವು.
ನಕ್ಷೆ ಬಿಚ್ಚಿದ ಸದ್ದು.
ಹದಿಮೂರರ ಉಕು, ಒಡೆಯುತ್ತಿರುವ ದನಿಯಲ್ಲಿ:
‘ಎಡಕ್ಕೆ. ನನಗೆ ಗೊತ್ತು.’
ಗೊತ್ತಿಲ್ಲ ಅವನಿಗೆ.
ಎಡಕ್ಕೆ ಹಳೆಯ ಕಾಲುವೆ, ಸೊಂಟದ ಕೆಳಗಿನ ನೀರು,
ಕೊನೆಯ ಮೂರು ಹಲಗೆ ಕಿತ್ತುಹೋಗಿದೆ.
ಬಲಕ್ಕೆ ಶಿಬಿರ, ಒಲೆ, ಬಟಾಣಿ ಸೂಪು.

ಕೂಗು ಗಂಟಲಿಗೆ ಬಂತು. ಹೆಲ್ದುರ್
ಫ್ಲಾಸ್ಕಿನ ಮುಚ್ಚಳ ತಿರುವಿ, ಕಾಫಿ ಸುರಿದು, ನನ್ನ ಕೈಗಿಟ್ಟ.
‘ಬಿಸಿ ಇದೆ. ನಿಧಾನ ಕುಡಿ.’
ಬಾಯಿಗೆ ಬೀಗ ಹಾಕುವ ಅವನ ರೀತಿ ಅದು.

ಜೂನಿಪರ್ ಪೊದೆಯ ಹಿಂದೆ ಕುಕ್ಕರುಗಾಲಲ್ಲಿ ಕೂತೆವು.
ಅವನು ಪಿಸುಗುಟ್ಟಿದ, ಯಾರಿಗೋ ಹೇಳುವಂತೆ:
‘ನನ್ನಜ್ಜ ಸ್ಕಾರ್ಫನ್ನು ಜೇನುಪೆಟ್ಟಿಗೆಯ ತಳದಲ್ಲಿ ಬಚ್ಚಿಟ್ಟ.
ಸ್ಕೌಟು ಎನ್ನುವುದೇ ಅಪರಾಧವಾಗಿದ್ದ ಕಾಲ.
ನಲವತ್ತೊಂಬತ್ತು ವರ್ಷ.
ಹೊರತೆಗೆದಾಗ ಮೇಣದ ವಾಸನೆ. ತುದಿಯ ಗಂಟು ಹಾಗೇ ಇತ್ತು.’
ಆಮೇಲೆ ಕೈಗಡಿಯಾರ ನೋಡಿಕೊಂಡ.
‘ಇವರಿಗೆ ಅರ್ಧ ಗಂಟೆ ಕೊಡೋಣ.’

ಅರ್ಧ ಗಂಟೆ ಬೇಕಾಗಲಿಲ್ಲ.
ದಬಕ್ ಎಂದಿತು ಕತ್ತಲು. ಒಂದು ಚುಕ್ಕೆ ಆರಿತು.
ಕಿರುಚು, ಬೈಗುಳ, ನಗು.
ನಾನು ದನಿಗಳನ್ನು ಎಣಿಸಿದೆ, ಗೂಟ ಎಣಿಸುವ ಹಾಗೆ:
ಉಕು. ಲೊವೀಸೆ. ರಾನ್ನೊ. ಚಿಕ್ಕ ಹೆಂಡ್ರಿಕ್.
ಐದನೆಯದು?

ಹೆಲ್ದುರ್ ಆಗಲೇ ಎದ್ದಿದ್ದ,
ಕಾಫಿ ಪಾಚಿಯ ಮೇಲೆ ಚೆಲ್ಲಿತ್ತು,
ಮುಖ ವಾರದ ದಿನದ ಮುಖವಾಗಿತ್ತು.
ಒಂದು ಹೆಜ್ಜೆ ಇಟ್ಟೂ ಬಿಟ್ಟ.
ಆಗ ಬಂತು ಮಿರ್ಟೆಲ್‌ಳ ದನಿ,
ಸೇರಿದಾಗಿನಿಂದ ನಾಲ್ಕು ಮಾತು ಆಡದ ಹುಡುಗಿ:
‘ನಕ್ಷೆ ತಲೆಕೆಳಗಾಗಿದೆ, ಉಕು. ಕೊಡು ಇಲ್ಲಿ.’

ತಿರುಗಿ ಬಂದರು. ಬಂದದ್ದು ನಮ್ಮ ಪೊದೆಯ ಪಕ್ಕಕ್ಕೇ.
ನಾವಿಬ್ಬರೂ ಅಂಗಾತ,
ನಲವತ್ತೇಳರ ನಾನು, ಅರವತ್ತೆರಡರ ಅವನು,
ಬೆನ್ನಿಗೆ ನೀರಿಳಿಯುತ್ತ, ನಗು ಕಚ್ಚಿಹಿಡಿದು.
ಗೇಣು ದೂರದಲ್ಲಿ ಐದು ಜೊತೆ ಬೂಟು ದಾಟಿದವು,
ಒಂದು ಜೊತೆ ಪಚ್ ಪಚ್ ಎನ್ನುತ್ತ.

ಒಳದಾರಿ ಹಿಡಿದು ಓಡಿದೆವು.
ಅವರು ಬರುವ ಹೊತ್ತಿಗೆ ನಾನು ಸೂಪು ತಿರುವುತ್ತಿದ್ದೆ,
ಬೆಳಗಿನಿಂದ ಅದನ್ನೇ ಮಾಡುತ್ತಿದ್ದವಳ ಹಾಗೆ.
‘ದಾರಿ ತಪ್ಪಲಿಲ್ಲ ತಾನೆ?’ ಏದುಸಿರು ನುಂಗಿ ಕೇಳಿದ ಹೆಲ್ದುರ್.
‘ಇಲ್ಲವಲ್ಲ’ ಎಂದ ಉಕು,
ಬೂಟು ಬೋರಲು ಹಾಕಿ ಜವುಗನ್ನು ಹೊರಚೆಲ್ಲುತ್ತ.

ಮಿರ್ಟೆಲ್ ನೋಡಿದಳು.
ಅವನ ಉಣ್ಣೆ ಟೋಪಿಗೆ ಸಿಕ್ಕಿಕೊಂಡ ಜೂನಿಪರ್ ಕಡ್ಡಿ.
ನನ್ನ ಬೆನ್ನು.
ಮತ್ತೆ ಅವನ ಟೋಪಿ.
ಬಾಯಿ ತೆರೆದಳು,

ಬಟ್ಟಲು ಚಾಚಿದಳು. ‘ಇನ್ನೊಂದು ಸೌಟು.’
ಅವನ ಹಿಂದಿನಿಂದ ಹಾದುಹೋಗುವಾಗ
ಎರಡು ಬೆರಳಲ್ಲಿ ಕಡ್ಡಿ ಬಿಡಿಸಿ ಬೆಂಕಿಗೆ ಹಾಕಿದಳು.
ಚಟಪಟ ಎಂದಿತು.
ಉಳಿದವರು ಯಾರೂ ತಿರುಗಿ ನೋಡಲಿಲ್ಲ.